ಉಂಡೆನೆಂದು ಹೇಳಿದ ಸಾರು

2019ರ ಸಂಕ್ರಾಂತಿಗೆ ಇನ್ನೂ ನಾಲ್ಕು ದಿನ ಇತ್ತು. ಅಣ್ಣನ ಮಗ ಕೆಲಸದ ಸಂದರ್ಶನಕ್ಕೆಂದು ಚೆನ್ನೈಗೆ ಹೊರಟಾಗ ಅಮ್ಮ ಅವನ ಕೈಯಲ್ಲಿ ಎರಡು ಡಬ್ಬಿ ಕಳಿಸಿದಳು. ಒಂದರಲ್ಲಿ ಹಿತಕಿದ ಬೇಳೆ ಸಾರು, ಇನ್ನೊಂದರಲ್ಲಿ ಬಾಳೆಲೆಯಲ್ಲಿ ಸುತ್ತಿದ ನಾಲ್ಕು ಮುದ್ದೆ. ಬಂಗಾರಪೇಟೆಯಲ್ಲಿ ಮಧ್ಯಾಹ್ನದ ರೈಲು ಹತ್ತಿದವನು ರಾತ್ರಿ ಒಂಬತ್ತೂವರೆಗೆ ವೇಳಚ್ಚೇರಿಯ ನಮ್ಮ ಮನೆಗೆ ತಲುಪಿದ. ಡಬ್ಬಿ ಕೈಗೆ ಕೊಡುತ್ತಾ, "ಅತ್ತೆ, ಅಜ್ಜಿ ರಾತ್ರಿಯೆಲ್ಲಾ ಕೂತು ಹಿತಕಿದಾಳೆ, ಇವತ್ತೇ ಉಣ್ಣಬೇಕಂತೆ" ಎಂದ.

ಆ ಸಾರನ್ನು ನಾನು ಉಣ್ಣಲಿಲ್ಲ. ಮನೆಯಲ್ಲಿ ಆ ರಾತ್ರಿ ಗಂಡನ ಆಫೀಸಿನವರು ಊಟಕ್ಕಿದ್ದರು. ಅವರಿಗೆಂದು ಬೇರೇನೋ ಮಾಡಿಟ್ಟಿದ್ದೆ. ಡಬ್ಬಿ ಬಿಚ್ಚಿದರೆ ಅವರೆಯ ಸೊಗಡು ಮನೆಯೆಲ್ಲಾ ಹರಡುತ್ತದೆ ಎಂದು ಫ್ರಿಜ್ಜಿನ ಹಿಂದಕ್ಕೆ ತಳ್ಳಿದೆ. ಮರುದಿನವೂ ಬಿಚ್ಚಲಿಲ್ಲ. ಮೂರನೆಯ ದಿನ ಕೆಳಗೆ ವಾಚ್‌ಮನ್ ಹೆಂಡತಿಗೆ ಕೊಟ್ಟುಬಿಟ್ಟೆ. ಸಂಜೆ ಅಮ್ಮ ಫೋನ್ ಮಾಡಿ "ಉಂಡ್ಯಾ ಅಮ್ಮಣ್ಣಿ?" ಎಂದು ಕೇಳಿದಳು. "ಉಂಡೆ, ತುಂಬಾ ಚೆನ್ನಾಗಿತ್ತು" ಎಂದೆ.

ಹಿತಕಿದ ಬೇಳೆ ಎಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹೇಳುವುದು ನನ್ನ ತಪ್ಪಿನ ತೂಕ ಗೊತ್ತಾಗಲಿ ಎಂದು. ಸುಲಿದ ಅವರೆಕಾಳನ್ನು ನೀರಲ್ಲಿ ನೆನೆಹಾಕಿ, ಕಾಳು ಉಬ್ಬಿದ ಮೇಲೆ ಹೆಬ್ಬೆರಳು ತೋರುಬೆರಳ ನಡುವೆ ಒಂದೊಂದನ್ನೇ ಹಿತಕಬೇಕು. ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಜಿಗಿಯುತ್ತದೆ. ನಾಲ್ಕು ಜನರ ಸಾರಿಗೆ ಸಾವಿರಾರು ಕಾಳು. ಅವರೆ ಹಗಲು ಕುಗ್ಗಿದಾಗ ಹೂ ಬಿಡುವ ಗಿಡ. ಹಾಗಾಗಿ ನಾಟಿ ಅವರೆ ಬರುವುದು ಚಳಿಗಾಲಕ್ಕೆ ಮಾತ್ರ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ವರ್ಷವಿಡೀ ಕಾಯಿ ಬಿಡುವ ಹೆಬ್ಬಾಳ ಅವರೆ ತಳಿಗಳನ್ನು ತಂದ ಮೇಲೆ ಬೇಸಿಗೆಯಲ್ಲೂ ಕಾಳು ಸಿಗುತ್ತದೆ. ಅಮ್ಮ ಅದನ್ನು ಕೊಳ್ಳುವುದಿಲ್ಲ. ಇಬ್ಬನಿ ಬಿದ್ದ ಕಾಯಿಯನ್ನು ಮುಟ್ಟಿದರೆ ಬೆರಳಿಗೆ ಎಣ್ಣೆಯ ಹಾಗೆ ಸೊಗಡು ಹತ್ತಬೇಕು, ಹತ್ತದಿದ್ದರೆ ಅದು ಅವರೆಯೇ ಅಲ್ಲ ಎನ್ನುತ್ತಾಳೆ. ಆ ಡಬ್ಬಿ ಕಳಿಸಿದ ವರ್ಷ ಅವಳಿಗೆ 73. ಬೆರಳ ಗೆಣ್ಣುಗಳು ಆಗಲೇ ಊದಿಕೊಂಡಿದ್ದವು. ಅದು ನನಗೆ ಗೊತ್ತಿತ್ತು.

ನಮ್ಮ ಮನೆಯ ಊಟದ ಬಗ್ಗೆ ಈ ನಾಚಿಕೆ ಎಲ್ಲಿಂದ ಬಂತು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಗಂಡನ ಮನೆಯವರು ಮೂರು ತಲೆಮಾರಿನಿಂದ ಚೆನ್ನೈಯಲ್ಲಿ ನೆಲೆಸಿದ ಕನ್ನಡಿಗರು. ಅನ್ನ, ಸಾರು, ಹುಳಿ, ಗೊಜ್ಜು, ಮೆಂತ್ಯದ ಹಿಟ್ಟು ಅವರ ಊಟ. ಮದುವೆಯಾದದ್ದು 2001ರಲ್ಲಿ. ಮೊದಲ ತಿಂಗಳಲ್ಲಿ ಬಂಧುಗಳೊಬ್ಬರು "ನಿಮ್ಮ ಕಡೆ ಮುದ್ದೆ ಅಲ್ವಾ ಊಟ?" ಎಂದು ಕೇಳಿದರು. ಕೇಳಿದ ರೀತಿಯಲ್ಲಿ ಕೊಂಕು ಇರಲಿಲ್ಲ, ತಿಳಿಯುವ ಆಸೆ ಇತ್ತು ಅಷ್ಟೆ. ನಾನೇ "ಇಲ್ಲ, ನಮ್ಮನೇಲಿ ಅಪರೂಪ" ಎಂದೆ. ಮಾಲೂರಿನ ಹತ್ತಿರದ ಹಳ್ಳಿಯಲ್ಲಿ, ನೆಲದಡಿಯ ಹಗೇವಿನಲ್ಲಿ ರಾಗಿ ತುಂಬಿಡುತ್ತಿದ್ದ ಮನೆಯಲ್ಲಿ, ಎರಡು ಹೊತ್ತೂ ಹಿಟ್ಟು ಉಂಡು ಬೆಳೆದವಳು ನಾನು. ಹಿಟ್ಟು ಎಂದರೆ ನಮ್ಮಲ್ಲಿ ಮುದ್ದೆಯೇ. "ಹಿಟ್ಟಾಯ್ತಾ?" ಎಂದರೆ ಊಟ ಆಯಿತೇ ಎಂದು ಕೇಳಿದಂತೆ. ಅಪರೂಪ ಎಂದು ಒಮ್ಮೆ ಹೇಳಿದ ಮೇಲೆ ಅದನ್ನು ಉಳಿಸಿಕೊಳ್ಳಲು ಇಪ್ಪತ್ತೆರಡು ವರ್ಷ ನನ್ನ ಅಡುಗೆಮನೆಯಲ್ಲಿ ಮುದ್ದೆಯ ಕೋಲು ಇಡಲಿಲ್ಲ.

ಈ ಊರೂ ನನಗೆ ಅನುಕೂಲವಾಗಿಯೇ ಇತ್ತು. ಚೆನ್ನೈ ಬಲ್ಲ ಕನ್ನಡದ ಊಟ ಎಂದರೆ ಉಡುಪಿಯ ಊಟ. ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಕಾಲದಿಂದ ಈ ನಗರದ ನಾಲಗೆಗೆ ನಮ್ಮವರು ದೋಸೆ, ಇಡ್ಲಿ, ಸಾಂಬಾರು ಬಡಿಸಿ ಹೆಸರು ಗಳಿಸಿದ್ದಾರೆ. ಬಯಲುಸೀಮೆಯ ಹುರುಳಿ ಸಾರು, ಬಸ್ಸಾರು, ಉಪ್ಸಾರು, ಮುದ್ದೆ ಯಾವ ಹೋಟೆಲಿನ ಹಲಗೆಯ ಮೇಲೂ ನನ್ನ ಕಣ್ಣಿಗೆ ಬೀಳಲಿಲ್ಲ. ಕಾಣದ್ದನ್ನು ಮುಚ್ಚಿಡುವುದು ಸುಲಭ. ಆದರೆ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ವಾಚ್‌ಮನ್ ಕೋಣೆಯಿಂದ ಸಂಜೆ ಏಳರ ಹೊತ್ತಿಗೆ ರಾಗಿ ಬೇಯುವ ವಾಸನೆ ಬರುತ್ತಿತ್ತು. ಅವರು ಧರ್ಮಪುರಿ ಜಿಲ್ಲೆಯ ಪೆನ್ನಾಗರಂ ಕಡೆಯವರು. ಅವರ ಭಾಷೆಯಲ್ಲಿ ಅದು ಕಳಿ. ಆ ವಾಸನೆ ಬಂದಾಗ ನನ್ನ ಹೊಟ್ಟೆ ಕೂಗುತ್ತಿತ್ತು. ಒಂದು ದಿನವೂ ಆ ಬಾಗಿಲಲ್ಲಿ ನಿಂತು "ನಮ್ಮ ಮನೆ ಊಟವೂ ಇದೇ" ಎನ್ನಲಿಲ್ಲ.

2023ರ ನವೆಂಬರಿನಲ್ಲಿ ಅಪ್ಪನ ವರ್ಷಾಬ್ದಿಕ ಮುಗಿದ ಮೇಲೆ ಅಮ್ಮನನ್ನು ಕರೆತಂದೆ. ವಯಸ್ಸಾದವಳಿಗೆ ಹಗುರ ಊಟ ಒಳ್ಳೆಯದು ಎಂದು ರಾತ್ರಿಗೆ ಇಡ್ಲಿ, ಇಲ್ಲವೇ ಮೊಸರನ್ನ ಕೊಡುತ್ತಿದ್ದೆ. ಅಡುಗೆಮನೆಗೆ ಬಂದರೆ "ನೀನು ಕೂತ್ಕೊ, ಇಷ್ಟು ವರ್ಷ ಮಾಡಿದ್ದು ಸಾಲದಾ?" ಎಂದು ಸೋಫಾಕ್ಕೆ ಕಳಿಸುತ್ತಿದ್ದೆ. ಪ್ರೀತಿಯಿಂದಲೇ ಹೇಳುತ್ತಿದ್ದೆ. ಒಂದು ವಾರದಲ್ಲಿ ಅವಳು ಅಡುಗೆಮನೆಯತ್ತ ಬರುವುದನ್ನೇ ಬಿಟ್ಟಳು. ಎರಡನೆಯ ವಾರ ರಾತ್ರಿ ಊಟಕ್ಕೆ "ಹಸಿವಿಲ್ಲ" ಎನ್ನತೊಡಗಿದಳು. ಬಿ.ಪಿ. ನೋಡಿಸಿದೆ, ರಕ್ತ ಪರೀಕ್ಷೆ ಮಾಡಿಸಿದೆ. ಏನು ಉಣ್ಣುತ್ತೀಯಾ ಎಂದು ಮಾತ್ರ ಕೇಳಲಿಲ್ಲ. ಕೇಳಿದರೆ ಅವಳು ಏನು ಹೇಳುತ್ತಾಳೆ ಎಂದು ನನಗೆ ಗೊತ್ತಿತ್ತು.

ಡಿಸೆಂಬರ್ 3, ಭಾನುವಾರ ಸಂಜೆ ಮಿಚಾಂಗ್ ಚಂಡಮಾರುತದ ಮಳೆ ಹಿಡಿಯಿತು. ಸೋಮವಾರ ಬೆಳಗ್ಗೆ ಕಣ್ಣು ಬಿಟ್ಟಾಗ ಕರೆಂಟಿರಲಿಲ್ಲ, ಬೀದಿಯೂ ಇರಲಿಲ್ಲ. ಪಳ್ಳಿಕರಣೈ ಜೌಗಿನ ಪಕ್ಕದ ತಗ್ಗು ನೆಲ ನಮ್ಮದು, ನೀರು ಬಂದರೆ ಹೋಗಲು ದಾರಿ ಕಡಿಮೆ. ಬೆಂಗಳೂರಿಗೆ ಹೋಗಿದ್ದ ನನ್ನ ಗಂಡ ಅಲ್ಲೇ ಉಳಿದರು. ರೈಲುಗಳು ರದ್ದಾಗಿದ್ದವು, ವಿಮಾನ ನಿಲ್ದಾಣವೂ ಮುಚ್ಚಿತ್ತು. ವಾಚ್‌ಮನ್ ಕೋಣೆಗೆ ಮೊಣಕಾಲೆತ್ತರ ನೀರು ನುಗ್ಗಿತು. ಅವರು ಮೋಟರ್ ಕೋಣೆ ಕಾಯುತ್ತಾ ಮೇಲಿನ ಮೆಟ್ಟಿಲಲ್ಲಿ ಉಳಿದರು. ಅವರ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಎರಡನೆಯ ಮಹಡಿಯ ನಮ್ಮ ಮನೆಗೆ ಕರೆದುಕೊಂಡೆ. ಆಕೆ ನೀರಿನಿಂದ ಮೊದಲು ಎತ್ತಿ ತಂದದ್ದು ಮಕ್ಕಳ ಪುಸ್ತಕದ ಚೀಲ, ಆಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ.

ಚೆನ್ನೈಯಲ್ಲಿ ನಮ್ಮ ಕೋಲಾರದ ಹಾಗೆ ಹಲ್ಲು ಕಟಕಟಿಸುವ ಚಳಿ ಇಲ್ಲ. ಇಲ್ಲಿನದು ಮಳೆಯ ಥಂಡಿ. ಗೋಡೆ ಒದ್ದೆ, ಹಾಸಿಗೆ ಒದ್ದೆ, ಗಾಳಿಯೇ ಒದ್ದೆ. ಸೋಮವಾರ ಸಂಜೆ ಐದಕ್ಕೇ ಕತ್ತಲಾಯಿತು. ಅಮ್ಮ ಕಂಬಳಿ ಹೊದ್ದು ಕೂತವಳು ಮೊದಲ ಸಲ ಬಾಯಿ ಬಿಟ್ಟು ಕೇಳಿದಳು: "ಅಮ್ಮಣ್ಣಿ, ಒಂದು ಬಿಸಿ ಹಿಟ್ಟು, ಒಂದಿಷ್ಟು ಹುರುಳಿ ಸಾರು ಆಯ್ತದಾ?"

ಕನ್ನಡ ಅರ್ಥವಾಗುತ್ತಿದ್ದ ವಾಚ್‌ಮನ್ ಹೆಂಡತಿ ತಕ್ಷಣ ತನ್ನ ಡಬ್ಬಿ ಮುಂದೆ ತಂದಳು. ಕೇಳ್ವರಗು ಮಾವು, ಅಂದರೆ ರಾಗಿ ಹಿಟ್ಟು, ಹದಿನೈದು ದಿನದ ಹಿಂದೆ ಊರಲ್ಲಿ ಮಿಷಿನ್ನಿಗೆ ಹಾಕಿಸಿದ್ದು. ನಾನು "ಬೇಡ, ನಮ್ಮಲ್ಲೂ ಇದೆ" ಎಂದೆ. ನಮ್ಮಲ್ಲಿ ಇದ್ದದ್ದು ಹಿಂದಿನ ವರ್ಷ ಗಂಜಿಗೆಂದು ಕೊಂಡು ಅರ್ಧ ಬಳಸಿ ರಬ್ಬರ್ ಬ್ಯಾಂಡ್ ಹಾಕಿಟ್ಟ ಪೊಟ್ಟಣ. ಅಮ್ಮ "ಒಂದ್ಸಲ ಮೂಸಿ ನೋಡು" ಎಂದಳು. "ಚೆನ್ನಾಗಿದೆ, ನೀನು ಸುಮ್ನೆ ಕೂತ್ಕೊ" ಎಂದೆ. ಮೂಸಿ ನೋಡಲಿಲ್ಲ. "ನಾನು ತೊಳಸ್ತೀನಿ ಬಿಡು" ಎಂದು ಎದ್ದವಳನ್ನು ಭುಜ ಹಿಡಿದು ಕೂರಿಸಿದೆ.

ರಾಗಿ ಕಾಳಾಗಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ಹಗೇವಿನಲ್ಲಿ ತುಂಬಿ ಬಾಯಿಗೆ ಚಪ್ಪಡಿ ಮುಚ್ಚಿದರೆ ಬರಗಾಲ ದಾಟಿಸುತ್ತಿತ್ತು. ಬೀಸಿದ ಮೇಲೆ ಹಾಗಲ್ಲ. ತೌಡೂ ಮೊಳಕೆಯೂ ಹಿಟ್ಟಿನಲ್ಲೇ ಇರುತ್ತವೆ, ಅವುಗಳಲ್ಲಿರುವ ಜಿಡ್ಡು ಕಡಲ ತೀರದ ತೇವಕ್ಕೆ ಬೇಗ ಕೆಡುತ್ತದೆ, ಹಿಟ್ಟು ಕಹಿಯಾಗುತ್ತದೆ, ಮುಗ್ಗಲು ಹಿಡಿಯುತ್ತದೆ, ಜಿಗಿ ಹೋಗುತ್ತದೆ. ಇದನ್ನೆಲ್ಲ ಬಲ್ಲ ಮನೆಯಲ್ಲಿ ಹುಟ್ಟಿದ ನಾನು ನಾನ್‌ಸ್ಟಿಕ್ ಪಾತ್ರೆಯಲ್ಲಿ ನೀರು ಕುದಿಸಿ, ರವೆಗೆ ಮಾಡುವ ಹಾಗೆ ಒಂದು ಕೈಯಲ್ಲಿ ಹಿಟ್ಟು ಉದುರಿಸುತ್ತಾ ಇನ್ನೊಂದು ಕೈಯಲ್ಲಿ ಸೌಟು ತಿರುಗಿಸಿದೆ. ಉರಿ ಜೋರಾಗಿತ್ತು. ಗಂಟು ಕಟ್ಟಿತು. ಗಂಟು ಒಡೆಯಲು ನೀರು ಹಾಕಿದೆ, ತೆಳ್ಳಗಾಯಿತೆಂದು ಮತ್ತೆ ಹಿಟ್ಟು ಹಾಕಿದೆ. ಎಂಟು ನಿಮಿಷದಲ್ಲಿ ಇಳಿಸಿದೆ. ಹುರುಳಿಯನ್ನು ನೆನೆಸಿರಲಿಲ್ಲ. ಕುಕ್ಕರಿನಲ್ಲಿ ಆರು ವಿಷಲ್ ಹಾಕಿಸಿ, ಮಿಕ್ಸಿ ತಿರುಗದ ಕಾರಣ ಪೊಟ್ಟಣದ ರಸಂ ಪುಡಿ ಸುರಿದೆ.

ಮೇಣದ ಬತ್ತಿಯ ಬೆಳಕಿನಲ್ಲಿ ಮುದ್ದೆ ಹೊರಗೆ ನುಣ್ಣಗೆ ಹೊಳೆಯುತ್ತಿತ್ತು. ಅಮ್ಮ ಮುರಿದು, ಅದ್ದಿ, ನುಂಗಿದಳು. ಮುದ್ದೆ ಅಗಿಯುವ ಊಟವಲ್ಲ, ನುಂಗುವ ಊಟ. ಒಳಗಿದ್ದ ಹಸಿ ಹಿಟ್ಟಿನ ಗಂಟುಗಳು ಹಾಗೆಯೇ ಹೊಟ್ಟೆಗೆ ಇಳಿದವು. ಎರಡನೆಯ ತುತ್ತಿಗೇ ಅವಳಿಗೆ ಗೊತ್ತಾಗಿರಬೇಕು. ಆದರೂ ಪೂರ್ತಿ ಉಂಡಳು. ಇಪ್ಪತ್ತೆರಡು ವರ್ಷದಲ್ಲಿ ಮಗಳು ಮಾಡಿದ ಮೊದಲ ಹಿಟ್ಟು ಎಂದು ಉಂಡಳು.

ರಾತ್ರಿ ಒಂದು ಗಂಟೆಗೆ ಹೊಟ್ಟೆನೋವು ಶುರುವಾಯಿತು. ಎರಡು ಸಲ ವಾಂತಿ. ಫೋನಿನಲ್ಲಿ ಸಿಗ್ನಲ್ ಇಲ್ಲ, ಕೆಳಗೆ ಸೊಂಟದೆತ್ತರ ನೀರು, ಆಸ್ಪತ್ರೆ ಬರೀ ಅರ್ಧ ಮೈಲಿ ದೂರದಲ್ಲಿದ್ದರೂ ಇಲ್ಲದ ಹಾಗೆ. 78 ವರ್ಷದ ತಾಯಿ ಮುದುಡಿಕೊಂಡು ನರಳುತ್ತಿದ್ದರೆ ಟಾರ್ಚ್ ಹಿಡಿದು ನಿಂತಿದ್ದೆ, ಕೈ ನಡುಗುತ್ತಿತ್ತು. ಓಮ ಹುರಿದು, ಕುದಿಸಿ, ಸೋಸಿ, ಗುಟುಕು ಗುಟುಕಾಗಿ ಕುಡಿಸಿದ್ದು ವಾಚ್‌ಮನ್ ಹೆಂಡತಿ. ಅಂಗಾಲಿಗೆ ಬಿಸಿ ಬಟ್ಟೆ ಒತ್ತಿದ್ದೂ ಆಕೆ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಅಮ್ಮನಿಗೆ ನಿದ್ದೆ ಹತ್ತಿತು. ಪಾತ್ರೆಯಲ್ಲಿ ಉಳಿದಿದ್ದ ಮುದ್ದೆಯನ್ನು ಮುರಿದು ನೋಡಿದೆ. ನಡುವೆ ಬಿಳಿಚಿದ ಒಣ ಹಿಟ್ಟು ಹಾಗೇ ಇತ್ತು. ಮೂಗಿಗೆ ಹಿಡಿದೆ. ಮುಗ್ಗಲು.

ಮಂಗಳವಾರ ಮಳೆ ನಿಂತಿತು, ನೀರು ನಿಂತೇ ಇತ್ತು. ಹಾಲಿಲ್ಲ, ತರಕಾರಿಯಿಲ್ಲ. ಮಧ್ಯಾಹ್ನ ಗಂಜಿ ಕುಡಿದು ಎದ್ದ ಅಮ್ಮ ನೇರ ಅಡುಗೆಮನೆಗೆ ನಡೆದಳು. ಈ ಸಲ ನಾನು ತಡೆಯಲಿಲ್ಲ. ಬೆಳಗ್ಗೆಯೇ ಹುರುಳಿ ನೆನೆಹಾಕಿಸಿದ್ದಳು. ಅದನ್ನು ಬೇಕಾದ್ದಕ್ಕಿಂತ ಎರಡು ಪಾಲು ಹೆಚ್ಚು ನೀರಿನಲ್ಲಿ, ಬೆರಳಲ್ಲಿ ಒತ್ತಿದರೆ ಬೆಣ್ಣೆಯಾಗುವ ತನಕ ಬೇಯಿಸಿ, ಕಟ್ಟು ಬಸಿದಳು. ಮೆಣಸು, ಜೀರಿಗೆ, ಬೆಳ್ಳುಳ್ಳಿ, ಸುಟ್ಟ ಒಣಮೆಣಸಿನಕಾಯಿಯನ್ನು ಶುಂಠಿ ಜಜ್ಜುವ ಪುಟ್ಟ ಕುಟ್ಟಾಣಿಯಲ್ಲಿ ಕುಟ್ಟಿದಳು. ಬೆಂದ ಹುರುಳಿ ಎರಡು ಹಿಡಿ ಕೈಯಲ್ಲೇ ಹಿಸುಕಿ ಸೇರಿಸಿದಳು. ಮಿಕ್ಸಿಯ ನೆನಪೇ ಯಾರಿಗೂ ಆಗಲಿಲ್ಲ.

ಹಿಟ್ಟಿಗೆ ಎರಡು ಲೋಟ ನೀರು. ಮೊದಲು ವಾಚ್‌ಮನ್ ಹೆಂಡತಿಯ ಡಬ್ಬಿಯಿಂದ ಒಂದು ಚಮಚ ಹಿಟ್ಟನ್ನು ತೆಗೆದು ತಣ್ಣೀರಲ್ಲಿ ಕದಡಿ ಎಸರಿಗೆ ಬಿಟ್ಟಳು. ಅದು ಉಕ್ಕಿ ಬಂದಾಗ ಒಂದು ಲೋಟ ಹಿಟ್ಟನ್ನು ನಡುವೆ ಗುಡ್ಡೆ ಹಾಕಿ, ನಡುವಿಗೆ ಕೋಲು ಚುಚ್ಚಿ ನಿಲ್ಲಿಸಿದಳು. ಕೋಲು ಎಲ್ಲಿಂದ ಬಂತು? ಆಕೆಯ ಡಬ್ಬಿಯ ಜೊತೆಗೇ ಬಂದಿತ್ತು, ನಾನು ನೋಡಿರಲಿಲ್ಲ. ಉರಿ ತಗ್ಗಿಸಿ ಇಬ್ಬರೂ ಸುಮ್ಮನೆ ಕೂತರು. "ಈಗ ಮುಟ್ಟಬಾರ್ದು" ಎಂದಳು ಅಮ್ಮ, ನನ್ನ ಕಡೆ ನೋಡದೆ. ಕೋಲಿನ ಸುತ್ತ ಎಸರು ಮೇಲೆ ಬಂದು ಹಿಟ್ಟಿನ ಒಳಗೆಲ್ಲಾ ಹಬೆ ಹಾಯಬೇಕು. ಹತ್ತು ಹನ್ನೆರಡು ನಿಮಿಷ. ನಾನು ಹಿಂದಿನ ದಿನ ಕೊಡದೇ ಹೋದದ್ದು ಆ ಹತ್ತು ನಿಮಿಷವನ್ನು. ಆಮೇಲೆ ಹೆಚ್ಚಾದ ಎಸರು ಬಸಿದಿಟ್ಟು, ಆಕೆ ಪಾತ್ರೆಯನ್ನು ಬಟ್ಟೆಯಿಂದ ಗಟ್ಟಿಯಾಗಿ ಹಿಡಿದಳು, ಅಮ್ಮ ಎರಡೂ ಕೈಯಿಂದ ತೊಳಸಿದಳು. ಸುಸ್ತಾದಾಗ ಕೋಲು ನನ್ನ ಕೈಗೆ ಕೊಟ್ಟಳು. ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ತೊಳಸಬೇಕು, ಗಂಟು ಅಲ್ಲೇ ಒಡೆಯಬೇಕು, ಬಸಿದ ಎಸರನ್ನು ಸ್ವಲ್ಪ ಸ್ವಲ್ಪ ಸೇರಿಸಬೇಕು. ಮತ್ತೆ ಮುಚ್ಚಿ ಮೂರು ನಿಮಿಷ. ಒದ್ದೆ ಬೆರಳಲ್ಲಿ ಮುಟ್ಟಿದರೆ ಅಂಟಬಾರದು.

ಬಿಸಿ ಹಿಟ್ಟು ತಟ್ಟೆಗೆ ಬಿದ್ದಾಗ ಮಕ್ಕಳು ಮಾತಿಲ್ಲದೆ ಉಂಡವು. ಆಕೆ ಸಾರಿನಲ್ಲಿ ಅದ್ದಿ ಒಂದು ತುತ್ತು ನುಂಗಿ, ಅಮ್ಮನ ಕಡೆ ತಿರುಗಿ, ತಮಿಳೂ ಕನ್ನಡವೂ ಬೆರೆಸಿ ಸಂತೋಷದಿಂದ ಹೇಳಿದಳು: "ಅಮ್ಮಾ, ಆವತ್ತು ಪೊಂಗಲಿಗೆ ಮುಂಚೆ ನೀವು ಕಳಿಸಿದ್ದ ಮೊಚ್ಚೈ ಕುಳಂಬು, ಆ ಅವರೆ ಸಾರು, ಅಷ್ಟು ರುಚಿ ನಾನು ತಿಂದೇ ಇಲ್ಲ. ನಾಲ್ಕು ಕಳಿಯೂ ನಾವೇ ಉಂಡೆವು."

ನನಗೆ ತಲೆ ಎತ್ತಲಾಗಲಿಲ್ಲ. ಅಮ್ಮ ಅವಳ ಮಾತು ಮುಗಿಯುವವರೆಗೂ ಕೇಳಿಸಿಕೊಂಡು, "ಉಂಡ್ರಲ್ಲಮ್ಮಾ, ಸಾಕು" ಎಂದು ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.

ಎಲ್ಲರೂ ಮಲಗಿದ ಮೇಲೆ ಕತ್ತಲಲ್ಲಿ ಅಮ್ಮನ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. 2001ರ ಮಾತು, ಮುಚ್ಚಿಟ್ಟದ್ದು, ಡಬ್ಬಿ, ಫೋನಿನ ಸುಳ್ಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದರೆ ಹಗುರವಾಗುತ್ತಿತ್ತು. ಅವಳು ತುಂಬಾ ಹೊತ್ತು ಬೆರಳುಗಳನ್ನು ನೀವಿಕೊಳ್ಳುತ್ತಿದ್ದಳು. ಆಮೇಲೆ, "ಬೇಡ ಅಂದಿದ್ರೆ ಕಾಳನ್ನ ಹಂಗೇ ಕಳಿಸ್ತಿದ್ದೆ ಅಮ್ಮಣ್ಣಿ. ಹಿತಕ್ತಿರ್ಲಿಲ್ಲ" ಎಂದಳು. ಅಷ್ಟೇ ಹೇಳಿದ್ದು.

ಗುರುವಾರ ಕರೆಂಟು ಬಂತು. ಅಮ್ಮ ಸಂಕ್ರಾಂತಿ ಕಳೆಯುವವರೆಗೂ ಇದ್ದಳು, ಆ ಐದು ವಾರವೂ ರಾತ್ರಿಯ ಅಡುಗೆ ಅವಳದು, ಕೈಯಾಳು ನಾನು. ಅರೆಕೀರೈ ಸೊಪ್ಪಿನಲ್ಲಿ ಬಸ್ಸಾರು ಮಾಡುವುದನ್ನು ಆಗ ಕಲಿತೆ. ಬೇಳೆಯನ್ನೂ ಸೊಪ್ಪನ್ನೂ ಬೇಯಿಸಿ ಬಸಿದರೆ ನೀರು ಸಾರಿಗೆ, ಉಳಿದದ್ದು ಒಗ್ಗರಣೆ ಹಾಕಿ ಪಲ್ಯಕ್ಕೆ. ಒಂದೇ ಪಾತ್ರೆಯಿಂದ ಎರಡು. ಜನವರಿಯಲ್ಲಿ ಕೋಯಂಬೇಡು ಮಾರುಕಟ್ಟೆಗೆ ಮೊಚ್ಚೈ ಬರುತ್ತದೆ. ಅದು ಅವರೆಯೇ. ಸೊಗಡು ನಮ್ಮೂರಿನಷ್ಟಿಲ್ಲ, ನಮ್ಮೂರಿನ ಚಳಿ ಇಲ್ಲದ ಊರಿನಲ್ಲಿ ಅಷ್ಟನ್ನು ಬಯಸುವುದೂ ತಪ್ಪು. ನನ್ನ ಗಂಡ ಮೊದಲ ದಿನವೇ ಮುದ್ದೆ ಉಂಡರು. "ಇಷ್ಟು ವರ್ಷ ಯಾಕೆ ಮಾಡಲಿಲ್ಲ?" ಎಂದು ಕೇಳಿದರು. ಅವರಿಗೂ ಉತ್ತರ ಹೇಳಬೇಕಾಯಿತು. ಹೇಳಿದೆ.

ಅಮ್ಮ ಈಗ ಊರಿನಲ್ಲಿದ್ದಾಳೆ. ಬೆರಳು ಮಡಚಲು ಬರುವುದಿಲ್ಲ, ಕಾಳು ಹಿತಕುವುದನ್ನು ನಿಲ್ಲಿಸಿದ್ದಾಳೆ. ಅಣ್ಣನ ಮಗನ ಕೈಯಲ್ಲಿ ರಾಗಿಯನ್ನು ಕಾಳಾಗಿಯೇ ಕಳಿಸುತ್ತಾಳೆ. ನಾನೂ ವಾಚ್‌ಮನ್ ಹೆಂಡತಿಯೂ ಒಟ್ಟಿಗೆ ಹೋಗಿ ಎರಡು ಮನೆಗೂ ಆಗುವಷ್ಟು ಬೀಸಿಸಿಕೊಂಡು ಬರುತ್ತೇವೆ, ಒಂದು ಸಲಕ್ಕೆ ನಾಲ್ಕು ಕಿಲೋ, ಅದಕ್ಕಿಂತ ಹೆಚ್ಚಿಲ್ಲ. ಮನೆಯಲ್ಲಿ ಮಳೆಗಾಲದ ಹಳೆಯ ಹಿಟ್ಟಿದ್ದರೆ ನೀವೂ ಈ ರಾತ್ರಿಯ ಊಟಕ್ಕೆ ಮೊದಲು ಅದನ್ನೊಮ್ಮೆ ಮೂಸಿ ನೋಡಿ. ನನ್ನ ಡಬ್ಬಿಯ ಮುಚ್ಚಳದ ಮೇಲೆ ಬೀಸಿದ ದಿನ ಬರೆದಿರುತ್ತದೆ. ಈಗಿರುವುದು ನವೆಂಬರ್ 9ರದು.